ಪೂರೈಕೆ ಸರಪಳಿಯಲ್ಲಿ ಮಾನವ ಹಕ್ಕು ಮತ್ತು ಪರಿಸರದ ಡ್ಯೂ ಡಿಲಿಜೆನ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಖರೀದಿ ಮತ್ತು ಕಾನೂನು ವಿಭಾಗಗಳಲ್ಲಿ ಕೆಲಸ ಮಾಡುವವರು, ಪೂರೈಕೆದಾರ ಘಟಕಗಳ ಮಾಲೀಕರು ಹಾಗೂ ಕಾರ್ಮಿಕ ಸಂಘಟನೆಗಳವರು ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತು ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಕೇಳಿದವರ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಹೊಸದಾಗಿ ತಿಳಿಯಬಯಸುವವರಿಗೆ

ಡ್ಯೂ ಡಿಲಿಜೆನ್ಸ್ ಎಂದರೆ ಒಂದು ಕಂಪನಿಯನ್ನು ಕೊಳ್ಳುವ ಮುಂಚೆ ಮಾಡುವ ಪರಿಶೀಲನೆಯಲ್ಲವೇ? ಪೂರೈಕೆದಾರರ ವಿಷಯದಲ್ಲಿ ಅದಕ್ಕೇನು ಕೆಲಸ?

ಕಂಪನಿ ಕೊಳ್ಳುವಾಗ ನಡೆಯುವ ಪರಿಶೀಲನೆ ಹೂಡಿಕೆದಾರನ ಹಣಕ್ಕಿರುವ ಅಪಾಯವನ್ನು ಹುಡುಕುತ್ತದೆ. ವ್ಯವಹಾರ ಕುದುರಿದ ದಿನ ಅದರ ಕೆಲಸವೂ ಮುಗಿಯುತ್ತದೆ. ಇಲ್ಲಿ ಹುಡುಕಬೇಕಾದದ್ದು ಕಂಪನಿಯಿಂದ, ಅದರ ವ್ಯವಹಾರ ಸಂಬಂಧಗಳಿಂದ ಬೇರೆಯವರಿಗೆ ಒದಗಬಹುದಾದ ಅಪಾಯವನ್ನು: ಹೊಲಿಗೆ ಯಂತ್ರದ ಮುಂದೆ ಕುಳಿತವರಿಗೆ, ಗಣಿಯ ಮಗ್ಗುಲಿನ ಊರಿನವರಿಗೆ, ಬಣ್ಣದ ನೀರು ಸೇರುವ ಹೊಳೆಯನ್ನು ನಂಬಿ ಬದುಕುವವರಿಗೆ. ಈ ವ್ಯತ್ಯಾಸ ಮನದಟ್ಟಾಗದೆ ಮುಂದೆ ಹೋದ ಕಂಪನಿಗಳು ವರ್ಷಗಟ್ಟಲೆ ತಮ್ಮ ಹೆಸರಿಗೆ ಬರಬಹುದಾದ ಕಳಂಕವನ್ನಷ್ಟೇ ಲೆಕ್ಕ ಹಾಕುತ್ತ ಕೂರುತ್ತವೆ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು 2011ರ ಜೂನ್‌ನಲ್ಲಿ ಒಪ್ಪಿದ, ವಿಶ್ವಸಂಸ್ಥೆಯ ವಿಶೇಷ ಪ್ರತಿನಿಧಿ ಜಾನ್ ರಗ್ಗಿ ಅವರ ಮುಂದಾಳತ್ವದಲ್ಲಿ ರೂಪುಗೊಂಡ 31 ಮಾರ್ಗದರ್ಶಿ ತತ್ವಗಳು ಈ ವಿಚಾರಕ್ಕೆ ತಳಪಾಯ ಹಾಕಿದವು. ರಕ್ಷಿಸುವುದು ಸರ್ಕಾರದ ಕರ್ತವ್ಯ, ಗೌರವಿಸುವುದು ಕಂಪನಿಯ ಹೊಣೆ, ಹಾನಿಗೊಳಗಾದವರಿಗೆ ಪರಿಹಾರದ ದಾರಿ ಇರಬೇಕಾದದ್ದು ಇಬ್ಬರ ಜವಾಬ್ದಾರಿ ಎಂಬುದು ಅವುಗಳ ತಿರುಳು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ 2018ರಲ್ಲಿ ಹೊರತಂದ ಮಾರ್ಗದರ್ಶಿ ಇದನ್ನು ಆರು ಹೆಜ್ಜೆಗಳ ಕೆಲಸವಾಗಿ ಬಿಡಿಸಿಟ್ಟಿತು: ಧೋರಣೆಯನ್ನು ಆಡಳಿತದೊಳಗೆ ನೆಲೆಗೊಳಿಸುವುದು, ಹಾನಿಯನ್ನು ಗುರುತಿಸುವುದು, ಅದನ್ನು ನಿಲ್ಲಿಸುವುದು ಇಲ್ಲವೇ ತಗ್ಗಿಸುವುದು, ಪರಿಣಾಮವನ್ನು ಗಮನಿಸುತ್ತಿರುವುದು, ಮಾಡಿದ್ದನ್ನು ಬಹಿರಂಗವಾಗಿ ತಿಳಿಸುವುದು, ಆದ ಹಾನಿಗೆ ಪರಿಹಾರ ಒದಗಿಸುವುದು. ಈ ಸುತ್ತು ನಿರಂತರವಾಗಿ ನಡೆಯುತ್ತಿರಬೇಕು.

ಯಾವ ಹಕ್ಕು, ಯಾವ ಪರಿಸರ ಹಾನಿ? ಇದಕ್ಕೊಂದು ಪಟ್ಟಿ ಇದೆಯೇ?

ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ, 1966ರ ಎರಡು ಅಂತರರಾಷ್ಟ್ರೀಯ ಒಡಂಬಡಿಕೆಗಳು ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೂಲಭೂತ ತತ್ವಗಳು ಕನಿಷ್ಠ ಅಳತೆಗೋಲು. ಸಂಘ ಕಟ್ಟುವ ಮತ್ತು ಸಾಮೂಹಿಕವಾಗಿ ಚೌಕಾಸಿ ಮಾಡುವ ಸ್ವಾತಂತ್ರ್ಯ, ಬಲವಂತದ ದುಡಿಮೆ ಹಾಗೂ ಬಾಲಕಾರ್ಮಿಕ ಪದ್ಧತಿಯ ನಿರ್ಮೂಲನ, ತಾರತಮ್ಯ ನಿವಾರಣೆ ಎಂಬ ನಾಲ್ಕರ ಜೊತೆಗೆ 2022ರಲ್ಲಿ ಸುರಕ್ಷಿತ ಮತ್ತು ಆರೋಗ್ಯಕರ ಕೆಲಸದ ವಾತಾವರಣವೂ ಐದನೆಯ ಮೂಲಭೂತ ತತ್ವವಾಗಿ ಸೇರಿತು. ಪರಿಸರದ ಮಟ್ಟಿಗೆ ಇಷ್ಟು ಅಚ್ಚುಕಟ್ಟಾದ ಪಟ್ಟಿಯಿಲ್ಲ. ಪಾದರಸಕ್ಕೆ ಮಿನಮಾಟಾ, ದೀರ್ಘಕಾಲ ಕರಗದೆ ಉಳಿಯುವ ಸಾವಯವ ಮಾಲಿನ್ಯಕಾರಕಗಳಿಗೆ ಸ್ಟಾಕ್‌ಹೋಮ್, ಅಪಾಯಕಾರಿ ತ್ಯಾಜ್ಯದ ಸಾಗಾಟಕ್ಕೆ ಬಾಸೆಲ್ ಒಪ್ಪಂದಗಳನ್ನು ಜರ್ಮನಿಯ ಪೂರೈಕೆ ಸರಪಳಿ ಕಾನೂನು ಹೆಸರಿಸಿಯೇ ಉಲ್ಲೇಖಿಸುತ್ತದೆ. ಕಾನೂನಿನಲ್ಲಿ ಹೆಸರಿಲ್ಲದ ಹಾನಿ ಹಾನಿಯೇ ಅಲ್ಲವೆಂದು ಯಾರೂ ಭಾವಿಸಬಾರದು.

ತಪ್ಪು ಮಾಡಿದವನು ಪೂರೈಕೆದಾರ. ಸರಕು ಕೊಂಡ ತಪ್ಪಿಗೆ ನಾವೇಕೆ ಹೊಣೆ ಹೊರಬೇಕು?

ಸರಕು ಕೊಂಡ ಮಾತ್ರಕ್ಕೆ ಪೂರ್ತಿ ಹೊಣೆ ಬರುವುದಿಲ್ಲ. ಮಾರ್ಗದರ್ಶಿ ತತ್ವಗಳು ಮೂರು ಬಗೆಯ ನಂಟನ್ನು ಬೇರ್ಪಡಿಸಿ ನೋಡುತ್ತವೆ. ಕಂಪನಿಯೇ ಹಾನಿಗೆ ಕಾರಣವಾಗಿದ್ದರೆ ಅದನ್ನು ನಿಲ್ಲಿಸಿ ಪರಿಹಾರ ಕೊಡಬೇಕು. ಬೇರೆಯವರು ಮಾಡಿದ ಹಾನಿಗೆ ತನ್ನ ಪಾಲೂ ಸೇರಿದ್ದರೆ ತನ್ನ ಪಾಲಿನದನ್ನು ನಿಲ್ಲಿಸಿ, ಪರಿಹಾರದಲ್ಲಿ ಭಾಗಿಯಾಗಿ, ಉಳಿದದ್ದಕ್ಕೆ ಪ್ರಭಾವ ಬಳಸಬೇಕು. ತನ್ನ ಸರಕು ಅಥವಾ ಸೇವೆಯ ಮೂಲಕ ಹಾನಿಯೊಂದಿಗೆ ನೇರ ನಂಟು ಮಾತ್ರ ಇದ್ದರೆ, ಅದು ತಗ್ಗುವಂತೆ ಪ್ರಭಾವ ಬಳಸಬೇಕು.

ಗೆರೆ ಎಲ್ಲಿ ಬೀಳುತ್ತದೆ ಎನ್ನುವುದು ಕಂಪನಿಯ ನಡೆಯನ್ನು ಅವಲಂಬಿಸಿದೆ. ಕೊನೆಯ ಗಳಿಗೆಯಲ್ಲಿ ವಿನ್ಯಾಸ ಬದಲಿಸಿ, ಒಪ್ಪಿಸುವ ದಿನಾಂಕವನ್ನು ಮಾತ್ರ ಮುಂದೂಡದ ಖರೀದಿದಾರ, ಆ ವಾರ ಕಾರ್ಖಾನೆಯಲ್ಲಿ ನಡೆದ ಬಲವಂತದ ಓವರ್‌ಟೈಮ್‌ಗೆ ತನಗೆ ನಂಟು ಮಾತ್ರ ಇದೆಯೆಂದು ಹೇಳುವುದು ಕಷ್ಟ. ಅಲ್ಲಿ ಅವನ ಪಾಲೂ ಇದೆ. ಗೊತ್ತಿದ್ದೂ ವರ್ಷಗಟ್ಟಲೆ ಸುಮ್ಮನಿದ್ದರೆ, ನಂಟಾಗಿ ಶುರುವಾದದ್ದು ಪಾಲಾಗಿ ಮಾರ್ಪಡುವುದೂ ಉಂಟು.

ಇದು ಕಂಪನಿಯ ಇಚ್ಛೆಗೆ ಬಿಟ್ಟದ್ದೇ, ಅಥವಾ ಕಾನೂನೇ ಇದೆಯೇ?

ಎರಡೂ ಹೌದು, ದೇಶವನ್ನು ಅವಲಂಬಿಸಿ. ಬ್ರಿಟನ್ನಿನ 2015ರ ಆಧುನಿಕ ಗುಲಾಮಗಿರಿ ಕಾಯ್ದೆ 3.6 ಕೋಟಿ ಪೌಂಡ್ ಇಲ್ಲವೇ ಹೆಚ್ಚಿನ ವಹಿವಾಟಿನ ಕಂಪನಿಗಳಿಂದ ವಾರ್ಷಿಕ ಹೇಳಿಕೆಯನ್ನಷ್ಟೇ ಕೇಳುತ್ತದೆ. ಏನೂ ಮಾಡಿಲ್ಲವೆಂದು ಬರೆದರೂ ಅದು ಹೇಳಿಕೆಯೇ. ಫ್ರಾನ್ಸ್ 2017ರ ಮಾರ್ಚ್‌ನಲ್ಲಿ ಒಂದು ಹೆಜ್ಜೆ ಮುಂದಿಟ್ಟು, ದೇಶದೊಳಗೆ 5,000 ಅಥವಾ ಜಗತ್ತಿನಾದ್ಯಂತ 10,000 ನೌಕರರಿರುವ ಕಂಪನಿಗಳು ಹಾನಿಯ ಅಪಾಯವನ್ನು ಗುರುತಿಸಿ ತಡೆಯುವ ಜಾಗರೂಕತಾ ಯೋಜನೆ ರೂಪಿಸಿ ಜಾರಿ ಮಾಡಬೇಕೆಂದು ವಿಧಿಸಿತು. ಜರ್ಮನಿಯ ಕಾನೂನು 2023ರ ಜನವರಿ 1ರಿಂದ 3,000, ಮರುವರ್ಷದಿಂದ 1,000 ನೌಕರರಿರುವ ಕಂಪನಿಗಳಿಗೆ ಅನ್ವಯಿಸಿತು. ವಾರ್ಷಿಕ ವಹಿವಾಟು 40 ಕೋಟಿ ಯೂರೋ ಮೀರಿದ ಕಂಪನಿಗಳಿಗೆ ದಂಡ ಆ ವಹಿವಾಟಿನ ಶೇ 2ರವರೆಗೂ ಹೋಗಬಹುದು. ನಾರ್ವೆಯ ಪಾರದರ್ಶಕತಾ ಕಾಯ್ದೆ 2022ರ ಜುಲೈನಿಂದ ಜಾರಿಯಲ್ಲಿದ್ದು, ಯಾವ ನಾಗರಿಕನಾದರೂ ಕಂಪನಿಗೆ ಬರೆದು ಮಾಹಿತಿ ಕೇಳುವ ಹಕ್ಕನ್ನು ಕೊಟ್ಟಿದೆ. ನನ್ನ ದೃಷ್ಟಿಯಲ್ಲಿ ಇವೆಲ್ಲವುಗಳಲ್ಲಿ ಕಡಿಮೆ ಖರ್ಚಿನ, ಹೆಚ್ಚು ಉಪಯೋಗದ ಕಲಮು ಅದೇ.

ಐರೋಪ್ಯ ಒಕ್ಕೂಟದ ಡ್ಯೂ ಡಿಲಿಜೆನ್ಸ್ ನಿರ್ದೇಶನ 2024ರ ಜುಲೈ 25ರಂದು ಜಾರಿಗೆ ಬಂದಿತಾದರೂ ಮರುವರ್ಷವೇ ಅದನ್ನು ಸಡಿಲಿಸುವ ಕೆಲಸ ಆರಂಭವಾಯಿತು. 2025ರ ಡಿಸೆಂಬರ್‌ನಲ್ಲಿ ಮೂಡಿದ ಒಪ್ಪಂದದ ಪ್ರಕಾರ 5,000ಕ್ಕೂ ಹೆಚ್ಚು ನೌಕರರು ಮತ್ತು 150 ಕೋಟಿ ಯೂರೋ ಮೀರಿದ ವಹಿವಾಟು ಇರುವ ಕಂಪನಿಗಳಿಗಷ್ಟೇ ಅದು ಅನ್ವಯ, ಅದೂ 2029ರ ಜುಲೈನಿಂದ. 2029ರವರೆಗೆ ನಿಶ್ಚಿಂತೆಯೆಂದು ಇದನ್ನು ಓದಿಕೊಂಡವರು, ಸರಕನ್ನೇ ಗಡಿಯಲ್ಲಿ ತಡೆಯುವ ಕಾನೂನುಗಳನ್ನು ಮರೆತಿದ್ದಾರೆ. ಬಲವಂತದ ದುಡಿಮೆಯಿಂದ ತಯಾರಾದ ಸರಕನ್ನು ಮಾರುಕಟ್ಟೆಯಿಂದ ಹೊರಗಿಡುವ ಒಕ್ಕೂಟದ ಇನ್ನೊಂದು ನಿಯಮ 2027ರ ಡಿಸೆಂಬರ್ 14ರಿಂದ ಅನ್ವಯವಾಗಲಿದ್ದು, ಅದಕ್ಕೆ ಕಂಪನಿ ದೊಡ್ಡದೇ ಚಿಕ್ಕದೇ ಎಂಬ ಲೆಕ್ಕವಿಲ್ಲ.

ನಮ್ಮದು ಚಿಕ್ಕ ಘಟಕ. ದೊಡ್ಡ ಗಿರಾಕಿಯಿಂದ ನೂರಾರು ಪ್ರಶ್ನೆಗಳ ಪಟ್ಟಿ ಬಂದಿದೆ. ಏನು ಮಾಡಬೇಕು?

ಎಲ್ಲಕ್ಕೂ 'ಹೌದು' ಎಂದು ತುಂಬಿ ಕಳುಹಿಸಬೇಡಿ. ಗೊತ್ತಿರುವುದನ್ನು ಗೊತ್ತಿದೆ, ಇಲ್ಲದ್ದನ್ನು ಇಲ್ಲ ಎಂದು ಬರೆದು, ಸರಿಪಡಿಸಲು ಎಷ್ಟು ಕಾಲ ಮತ್ತು ಯಾವ ನೆರವು ಬೇಕೆಂಬುದನ್ನೂ ಸೇರಿಸಿ. ಬೇರೆ ಬೇರೆ ಗಿರಾಕಿಗಳ ಪ್ರಶ್ನಾವಳಿಗಳಲ್ಲಿ ಬಹುಪಾಲು ಒಂದೇ ಬಗೆಯವು; ಆದ್ದರಿಂದ ಸಂಬಳ, ಕೆಲಸದ ಅವಧಿ, ಗುತ್ತಿಗೆ ಕಾರ್ಮಿಕರು, ಸುರಕ್ಷತೆ, ನೀರು ಮತ್ತು ತ್ಯಾಜ್ಯದ ಬಗ್ಗೆ ಒಂದು ಮೂಲ ಕಡತ ಸಿದ್ಧಪಡಿಸಿಟ್ಟುಕೊಂಡರೆ ಅರ್ಧ ಕೆಲಸ ಹಗುರವಾಗುತ್ತದೆ. ಗಿರಾಕಿ ಕೇಳುವ ಸುಧಾರಣೆಗೆ ಅವನು ಕೊಡುವ ದರ ಸಾಲದೆಂದಾದರೆ ಅದನ್ನೂ ಲಿಖಿತವಾಗಿಯೇ ತಿಳಿಸಿ.

## ಕೆಲಸಕ್ಕೆ ಇಳಿದವರಿಗೆ

ನಮಗೆ ಸಾವಿರಾರು ಪೂರೈಕೆದಾರರಿದ್ದಾರೆ. ಎಲ್ಲಿಂದ ಶುರು ಮಾಡುವುದು?

ಹೆಚ್ಚು ಹಣ ಎಲ್ಲಿ ಹೋಗುತ್ತದೋ ಅಲ್ಲಿಂದ ಶುರು ಮಾಡುವುದು ಖರೀದಿ ವಿಭಾಗದ ರೂಢಿ, ಮತ್ತು ಈ ಕೆಲಸದಲ್ಲಿ ಮೊದಲು ಬಿಡಬೇಕಾದ ರೂಢಿಯೂ ಅದೇ. ಅಪಾಯ ಹಣದ ಗಾತ್ರವನ್ನು ಅನುಸರಿಸುವುದಿಲ್ಲ. ಖರ್ಚಿನ ಪಟ್ಟಿಯ ತಳದಲ್ಲಿರುವ ಸ್ವಚ್ಛತಾ ಗುತ್ತಿಗೆಯಲ್ಲೋ ಕೈಗವಸಿನ ಖರೀದಿಯಲ್ಲೋ ಜೀತದ ಸಾಲ ಅಡಗಿರಬಹುದು.

ಆಯ್ಕೆಗೆ ಗಂಭೀರತೆಯೇ ಅಳತೆ. ಹಾನಿ ಎಷ್ಟು ಆಳವಾದದ್ದು, ಎಷ್ಟು ಜನರನ್ನು ತಟ್ಟುತ್ತದೆ, ಆದಮೇಲೆ ಸರಿಪಡಿಸಲು ಸಾಧ್ಯವೇ ಎಂಬ ಮೂರನ್ನು ನೋಡಬೇಕು. ಸಂಬಳ ತಡವಾದದ್ದನ್ನು ಸರಿಪಡಿಸಬಹುದು. ಸಿಲಿಕಾ ಧೂಳಿನಿಂದ ಗಟ್ಟಿಯಾದ ಶ್ವಾಸಕೋಶವನ್ನು ಸರಿಪಡಿಸಲಾಗದು. ಸಂಭವ ಕಡಿಮೆಯೆಂಬ ಕಾರಣಕ್ಕೆ ಜೀವಹಾನಿಯ ಅಪಾಯವನ್ನು ಪಟ್ಟಿಯ ಕೆಳಗೆ ತಳ್ಳುವಂತಿಲ್ಲ.

ಈ ವಿಂಗಡಣೆ ಎಷ್ಟು ನಿರ್ದಿಷ್ಟವಾಗಿರಬೇಕು ಎಂಬುದಕ್ಕೆ ಫ್ರಾನ್ಸಿನ ಅಂಚೆ ಸಂಸ್ಥೆ ಲಾ ಪೋಸ್ಟ್‌ನ ಪ್ರಕರಣ ನೋಡಬಹುದು. 2023ರ ಡಿಸೆಂಬರ್ 5ರಂದು ಪ್ಯಾರಿಸ್ ನ್ಯಾಯಾಲಯ, ಆ ಸಂಸ್ಥೆಯ ಜಾಗರೂಕತಾ ಯೋಜನೆಯಲ್ಲಿನ ಅಪಾಯದ ನಕ್ಷೆ ತೀರಾ ಸಾಮಾನ್ಯ ಸ್ವರೂಪದ್ದೆಂದು ಹೇಳಿ, ಆದ್ಯತೆ ತಿಳಿಯುವಂತೆ ಅದನ್ನು ಪೂರ್ಣಗೊಳಿಸಲು ಆದೇಶಿಸಿತು. ಮೊಕದ್ದಮೆ ಹೂಡಿದ್ದು ಕಾರ್ಮಿಕ ಸಂಘ. 2025ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು.

ಮೊದಲ ಹಂತದ ಪೂರೈಕೆದಾರರನ್ನು ದಾಟಿದರೆ ನಮಗೆ ಏನೂ ಕಾಣುವುದಿಲ್ಲ. ಆಚೆ ನೋಡುವುದು ಹೇಗೆ?

ಎಲ್ಲ ಸರಪಳಿಗಳನ್ನೂ ಬುಡದವರೆಗೆ ಬಿಡಿಸುವುದು ಯಾರಿಂದಲೂ ಆಗದ ಕೆಲಸ, ಅದನ್ನು ಯಾರೂ ಕೇಳಿಯೂ ಇಲ್ಲ. ಗಂಭೀರ ಅಪಾಯವಿರುವ ಕೆಲವೇ ಸರಕುಗಳನ್ನು ಆರಿಸಿಕೊಂಡು ಅವುಗಳ ಜಾಡನ್ನು ಹಿಡಿಯಬೇಕು. ಖನಿಜಗಳಲ್ಲಿ ಲೋಹ ಕರಗಿಸುವ ಮತ್ತು ಶುದ್ಧೀಕರಿಸುವ ಘಟಕಗಳು ಇಕ್ಕಟ್ಟಿನ ಜಾಗ: ಗಣಿಗಳು ಅಸಂಖ್ಯ, ಬಳಸುವ ಕಾರ್ಖಾನೆಗಳೂ ಅಸಂಖ್ಯ, ನಡುವಿನ ಈ ಘಟಕಗಳು ಮಾತ್ರ ಅವಕ್ಕೆ ಹೋಲಿಸಿದರೆ ತೀರಾ ಕಡಿಮೆ. ತವರ, ಟಂಗ್‌ಸ್ಟನ್, ಟ್ಯಾಂಟಲಮ್, ಚಿನ್ನ ಎಂಬ ನಾಲ್ಕರ ಮೇಲೆ ಅಮೆರಿಕ 2010ರಲ್ಲಿ ಕಾನೂನು ಮಾಡಿದ ಬಳಿಕ ಜಾಡು ಹಿಡಿಯುವ ಕೆಲಸ ಈ ಘಟಕಗಳ ಸುತ್ತಲೇ ಬೆಳೆಯಿತು.

ಕೃಷಿ ಸರಕುಗಳಲ್ಲಿ ಜಾಗದ ನಿರ್ದೇಶಾಂಕ ಮುಖ್ಯವಾಗುತ್ತದೆ. ಅರಣ್ಯನಾಶದ ವಿರುದ್ಧ ಐರೋಪ್ಯ ಒಕ್ಕೂಟ 2023ರಲ್ಲಿ ತಂದ ನಿಯಮ ಜಾನುವಾರು, ಕೋಕೋ, ಕಾಫಿ, ತಾಳೆಎಣ್ಣೆ, ರಬ್ಬರ್, ಸೋಯಾ, ಮರಮುಟ್ಟುಗಳಿಗೆ ಅನ್ವಯಿಸುತ್ತದೆ; 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದದ್ದಲ್ಲವೆಂದು ತೋರಿಸಲು ಬೆಳೆದ ತುಂಡು ನೆಲದ ಅಕ್ಷಾಂಶ ರೇಖಾಂಶಗಳನ್ನೇ ಕೇಳುತ್ತದೆ. ಜಾರಿಯ ದಿನಾಂಕ ಎರಡು ಸಲ ಮುಂದಕ್ಕೆ ಹೋಗಿದೆ. ಈ ಮಾಹಿತಿ ಕೂಡಿಸುವ ವೆಚ್ಚ ಸಣ್ಣ ಬೆಳೆಗಾರನ ಹೆಗಲಿಗೆ ಬಿದ್ದರೆ ಅವನು ಮಾರುಕಟ್ಟೆಯಿಂದಲೇ ಹೊರಬೀಳುತ್ತಾನೆ. ಆ ವೆಚ್ಚವನ್ನು ಖರೀದಿದಾರ ಹೊರಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಪ್ರತಿ ವರ್ಷ ಆಡಿಟ್ ಮಾಡಿಸುತ್ತೇವೆ, ಪ್ರಮಾಣಪತ್ರವೂ ಇದೆ. ಅಷ್ಟು ಸಾಲದೇ?

2012ರ ಸೆಪ್ಟೆಂಬರ್ 11ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಮಂದಿ ಸತ್ತರು. ಅದಕ್ಕೆ ಕೆಲವೇ ವಾರಗಳ ಮುಂಚೆ ಆ ಕಾರ್ಖಾನೆಗೆ ಸಾಮಾಜಿಕ ಹೊಣೆಗಾರಿಕೆಯ ಪ್ರತಿಷ್ಠಿತ ಪ್ರಮಾಣಪತ್ರ ಸಿಕ್ಕಿತ್ತು. ಬೆಂಕಿ ಬೇಕೆಂದೇ ಹಚ್ಚಿದ್ದೆಂದು ನ್ಯಾಯಾಲಯ ಮುಂದೆ ತೀರ್ಪು ಕೊಟ್ಟಿತು. ಆದರೆ ಕಂಬಿ ಹಾಕಿದ ಕಿಟಕಿ, ಬೀಗ ಬಿದ್ದ ಬಾಗಿಲುಗಳಿಂದಾಗಿ ಒಳಗಿದ್ದವರು ಹೊರಬರಲಾಗಲಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವರ್‌ನಲ್ಲಿ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಕೆಳಗಿನ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಹೊಲಿಗೆಯವರನ್ನು ಮಾತ್ರ ಬೆಳಿಗ್ಗೆ ಒಳಗೆ ಕಳುಹಿಸಲಾಯಿತು. ಅಲ್ಲಿನ ಕೆಲವು ಕಾರ್ಖಾನೆಗಳೂ ಆಡಿಟ್‌ಗೆ ಒಳಗಾಗಿದ್ದವು, ಆದರೆ ಆ ಆಡಿಟ್‌ನ ವ್ಯಾಪ್ತಿಯಲ್ಲಿ ಕಟ್ಟಡದ ಬಲ ಇರಲಿಲ್ಲ. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಒಡೆದು 270 ಜನರನ್ನು ಕೊಂದ ಗಣಿ ತ್ಯಾಜ್ಯದ ಅಣೆಕಟ್ಟಿಗೂ ಕೆಲವು ತಿಂಗಳ ಹಿಂದೆಯಷ್ಟೇ ಭದ್ರವೆಂಬ ಪ್ರಮಾಣಪತ್ರ ಸಿಕ್ಕಿತ್ತು.

ಆಡಿಟ್ ಒಂದೆರಡು ದಿನಗಳ ಚಿತ್ರ. ಅದಕ್ಕೆ ಹಣ ಕೊಡುವವನು ಅನೇಕ ವೇಳೆ ತಪಾಸಣೆಗೊಳಗಾಗುವ ಕಾರ್ಖಾನೆಯ ಮಾಲೀಕನೇ. ಬರುವ ದಿನ ಮೊದಲೇ ಗೊತ್ತಿರುತ್ತದೆ. ಕಾರ್ಮಿಕರಿಗೆ ಏನು ಹೇಳಬೇಕೆಂದು ಪಾಠವೂ ಆಗಿರುತ್ತದೆ. ಬಾಗಿಲ ಅಗಲ, ಅಗ್ನಿಶಾಮಕದ ದಿನಾಂಕದಂಥ ಕಣ್ಣಿಗೆ ಕಾಣುವ ವಿಷಯಗಳಲ್ಲಿ ಆಡಿಟ್ ಚೆನ್ನಾಗಿ ಕೆಲಸ ಮಾಡುತ್ತದೆ. ಲೈಂಗಿಕ ಕಿರುಕುಳ, ಸಂಘ ಕಟ್ಟಿದವರ ಮೇಲಿನ ಸೇಡು, ಊರಲ್ಲಿ ಮಾಡಿದ ಸಾಲ ಮುಂತಾದವು ಅದರ ಬಲೆಗೆ ಬೀಳುವುದು ಅಪರೂಪ.

ಅನುಭವಿ ತಪಾಸಕರು ಒಂದೇ ದಾಖಲೆಯನ್ನು ನಂಬುವುದಿಲ್ಲ. ಉಡುಪು ಕಾರ್ಖಾನೆಗಳಲ್ಲಿ ಮುರಿದ ಸೂಜಿಯ ಪುಸ್ತಕ ಎಂದೊಂದಿರುತ್ತದೆ. ಬಟ್ಟೆಯೊಳಗೆ ಸೂಜಿಯ ಚೂರು ಉಳಿಯಬಾರದೆಂದು ಸೂಜಿ ಮುರಿದಾಗಲೆಲ್ಲ ಚೂರುಗಳನ್ನು ಅಂಟಿಸಿ, ದಿನಾಂಕ, ಸಮಯ, ಯಂತ್ರದ ಸಂಖ್ಯೆ ಬರೆಯುತ್ತಾರೆ. ಹಾಜರಿಯ ಪ್ರಕಾರ ಸಂಜೆ ಆರಕ್ಕೆ ಎಲ್ಲರೂ ಮನೆಗೆ ಹೋದ ದಿನ, ಸೂಜಿಯ ಪುಸ್ತಕದಲ್ಲಿ ರಾತ್ರಿ ಹತ್ತೂವರೆಯ ನಮೂದು ಇದ್ದರೆ ಎರಡನೆಯ ಹಾಜರಿ ಪುಸ್ತಕ ಎಲ್ಲೋ ಇದೆಯೆಂದು ತಿಳಿಯಬೇಕು. ಗುಣಮಟ್ಟದವರು ಬರೆದ ಪುಸ್ತಕವನ್ನು ತಿದ್ದಬೇಕೆಂಬುದು ಲೆಕ್ಕದವರಿಗೆ ಹೊಳೆದಿರುವುದಿಲ್ಲ.

ಪರಿಸರದ್ದನ್ನು ಬೇರೆ ವಿಭಾಗ ನೋಡಿಕೊಳ್ಳುತ್ತದೆ. ಎರಡನ್ನೂ ಸೇರಿಸಲೇಬೇಕೇ?

ವಿಭಾಗ ಬೇರೆಯಿದ್ದರೂ ಅಡ್ಡಿಯಿಲ್ಲ, ಕಡತ ಒಂದೇ ಆಗಿರಲಿ. ಬಣ್ಣ ಹಾಕುವ ಘಟಕದ ನೀರು ನದಿಗೆ ಸೇರಿದರೆ ಪರಿಸರ ವಿಭಾಗ ಅದರ ರಾಸಾಯನಿಕ ಪ್ರಮಾಣವನ್ನು ಅಳೆಯುತ್ತದೆ. ಅದೇ ನೀರನ್ನು ಕುಡಿಯುವ, ಅದರಲ್ಲಿ ಮೀನು ಹಿಡಿಯುವವರ ಹಕ್ಕಿನ ಪ್ರಶ್ನೆಯನ್ನು ಯಾರೂ ಕೇಳದೆ ಉಳಿಯುವ ಸಾಧ್ಯತೆ ಹೆಚ್ಚು. ಇಲ್ಲಿಯೂ ದಾಖಲೆಗಳನ್ನು ಒಂದಕ್ಕೊಂದು ತಾಳೆ ನೋಡುವ ಉಪಾಯ ಫಲ ಕೊಡುತ್ತದೆ: ಶುದ್ಧೀಕರಣ ಘಟಕದ ವಿದ್ಯುತ್ ಮೀಟರು, ಕೊಂಡ ರಾಸಾಯನಿಕದ ಬಿಲ್ಲು, ಹೊರಹೋದ ಕೆಸರಿನ ತೂಕ ಮತ್ತು ಒಳಬಂದ ನೀರಿನ ಲೆಕ್ಕ ಒಂದಕ್ಕೊಂದು ಹೊಂದಬೇಕು. ನೀರು ಧಾರಾಳವಾಗಿ ಖರ್ಚಾಗಿದ್ದು, ಕೆಸರು ಮಾತ್ರ ನಾಮಮಾತ್ರಕ್ಕಿದ್ದರೆ, ಘಟಕವನ್ನು ತಪಾಸಣೆಯ ದಿನಗಳಲ್ಲಷ್ಟೇ ಓಡಿಸುತ್ತಿರಬಹುದು.

ಕರಾರಿನಲ್ಲಿ ಷರತ್ತು ಹಾಕಿ ಸಹಿ ಮಾಡಿಸಿಕೊಂಡಿದ್ದೇವೆ. ನಮ್ಮ ಹೊಣೆ ಅಲ್ಲಿಗೆ ಮುಗಿಯಿತಲ್ಲ?

ಇಲ್ಲ. ಎಲ್ಲ ಹಕ್ಕುಗಳನ್ನೂ ಪಾಲಿಸುತ್ತೇನೆಂದು ಪೂರೈಕೆದಾರನಿಂದ ಬರೆಸಿಕೊಳ್ಳುವುದು ಹೊಣೆಯನ್ನು ಕೆಳಕ್ಕೆ ದಾಟಿಸುವ ಕ್ರಮವಷ್ಟೇ. ಅವನು ಅದನ್ನೇ ತನ್ನ ಕೆಳಗಿನವನಿಂದ ಬರೆಸಿಕೊಳ್ಳುತ್ತಾನೆ. ಸರಿಯಾದ ಕರಾರಿನಲ್ಲಿ ಖರೀದಿದಾರನ ಬಾಧ್ಯತೆಗಳೂ ಇರುತ್ತವೆ: ಕಾರ್ಯಸಾಧ್ಯ ಗಡುವು, ಸುರಕ್ಷತೆಯ ವೆಚ್ಚವನ್ನು ಒಳಗೊಂಡ ದರ, ಸಮಸ್ಯೆಯನ್ನು ತಾನಾಗಿ ತಿಳಿಸಿದ ಪೂರೈಕೆದಾರನಿಗೆ ಶಿಕ್ಷೆಯಿಲ್ಲವೆಂಬ ಭರವಸೆ, ಒಪ್ಪಂದ ಮುರಿಯುವ ಮುನ್ನ ಸರಿಪಡಿಸಲು ಕಾಲಾವಕಾಶ. ತಿಳಿಸಿದವನಿಗೇ ಆರ್ಡರ್ ರದ್ದಾಗುವುದಾದರೆ ಯಾರೂ ತಿಳಿಸುವುದಿಲ್ಲ.

ನಾವು ಯಾವ ದರಕ್ಕೆ ಕೊಳ್ಳುತ್ತೇವೆ, ಯಾವಾಗ ಹಣ ಕೊಡುತ್ತೇವೆ ಎಂಬುದಕ್ಕೂ ಮಾನವ ಹಕ್ಕಿಗೂ ಏನು ಸಂಬಂಧ?

ಈ ಇಡೀ ವಿಷಯದ ಗಂಟು ಇಲ್ಲಿದೆ. ಕಂಪನಿಯ ಒಂದು ವಿಭಾಗ ಕಾರ್ಮಿಕರ ಕಲ್ಯಾಣದ ನೀತಿಸಂಹಿತೆ ಕಳುಹಿಸುತ್ತದೆ. ಇನ್ನೊಂದು ವಿಭಾಗ ಅದೇ ಕಾರ್ಖಾನೆಗೆ ಕಳೆದ ವರ್ಷಕ್ಕಿಂತ ಕಡಿಮೆ ದರಕ್ಕೆ, ಎರಡು ವಾರ ಮುಂಚಿತವಾಗಿ ಸರಕು ಕೊಡೆನ್ನುತ್ತದೆ. ಕಾರ್ಖಾನೆಯವನು ಎರಡರಲ್ಲಿ ಯಾವುದನ್ನು ಪಾಲಿಸುತ್ತಾನೆ ಎಂಬುದು ಎಲ್ಲರಿಗೂ ಗೊತ್ತು, ಏಕೆಂದರೆ ಎರಡನೆಯ ಪತ್ರದ ಮೇಲೆ ಮಾತ್ರ ಹಣ ನಿಂತಿರುತ್ತದೆ. ಒತ್ತಡ ಹೆಚ್ಚಾದಾಗ ಅವನು ಕೆಲಸದ ಒಂದು ಭಾಗವನ್ನು ನಿಮಗೆ ತಿಳಿಸದೆ ಉಪಗುತ್ತಿಗೆಗೆ ಕೊಡುತ್ತಾನೆ. ಅಪಾಯ ಕಾಣದ ಜಾಗಕ್ಕೆ ಸರಿಯುವುದು ಹೀಗೆ.

2020ರ ಮಾರ್ಚ್‌ನಲ್ಲಿ ಕೊರೊನಾ ಹರಡಿದಾಗ ಬಟ್ಟೆಯ ಬ್ರ್ಯಾಂಡ್‌ಗಳು ಹೊಲಿದು ಮುಗಿದ ಸರಕಿನ ಆರ್ಡರ್‌ಗಳನ್ನೂ ರದ್ದು ಮಾಡಿದವು, ಇಲ್ಲವೇ ತಡೆಹಿಡಿದವು. ಬಾಂಗ್ಲಾದೇಶವೊಂದರಲ್ಲೇ ಅದರ ಮೊತ್ತ 300 ಕೋಟಿ ಡಾಲರ್ ದಾಟಿತೆಂದು ಅಲ್ಲಿನ ತಯಾರಕರ ಸಂಘ ಲೆಕ್ಕ ಕೊಟ್ಟಿತು. ಹತ್ತಿ, ನೂಲು, ಕೂಲಿಯ ಹಣವನ್ನು ಕಾರ್ಖಾನೆಗಳು ಮೊದಲೇ ಹಾಕಿದ್ದವು. ಸರಕು ತಲುಪಿ ಎರಡು ಮೂರು ತಿಂಗಳ ಬಳಿಕ ಪಾವತಿಸುವ ಪದ್ಧತಿಯಲ್ಲಿ ಕಂಪನಿಯ ವ್ಯವಹಾರಕ್ಕೆ ಸಾಲ ಕೊಡುತ್ತಿರುವವರು ಕೊನೆಗೆ ಕಾರ್ಮಿಕರೇ ಎಂಬುದು ಆಗ ಬಯಲಾಯಿತು.

ಸರಿಪಡಿಸಲು ಆಗುವ ಕೆಲಸಗಳಿವೆ. ದರದ ಚೌಕಾಸಿಯಿಂದ ಕೂಲಿಯ ಭಾಗವನ್ನು ಬೇರ್ಪಡಿಸಿ, ಅದನ್ನು ಮುಟ್ಟದ ಮೊತ್ತವೆಂದು ಇಟ್ಟುಕೊಳ್ಳಬಹುದು. ಒಂದು ಉಡುಪಿಗೆ ಎಷ್ಟು ನಿಮಿಷದ ದುಡಿಮೆ ಬೇಕೆಂಬ ಲೆಕ್ಕ ಆ ಉದ್ಯಮದಲ್ಲಿ ಈಗಾಗಲೇ ಇದೆ, ಆದ್ದರಿಂದ ಇದು ಕನಸಿನ ಮಾತಲ್ಲ. ಖರೀದಿ ಅಧಿಕಾರಿಯ ವಾರ್ಷಿಕ ಬಡ್ತಿಯನ್ನು ಉಳಿಸಿದ ಹಣವೊಂದರಿಂದಲೇ ಅಳೆಯುವುದನ್ನು ನಿಲ್ಲಿಸಬಹುದು. ಇದನ್ನು ಮಾಡದ ಕಂಪನಿಯ ಉಳಿದ ಕ್ರಮಗಳ ಬಗ್ಗೆ ನನಗೆ ಹೆಚ್ಚು ಭರವಸೆಯಿಲ್ಲ.

ಕಾರ್ಖಾನೆಯಲ್ಲಿ ದೂರು ಪೆಟ್ಟಿಗೆ ಇದೆ, ವರ್ಷದಲ್ಲಿ ಒಂದು ದೂರೂ ಬಂದಿಲ್ಲ. ಎಲ್ಲ ಚೆನ್ನಾಗಿದೆ ಎಂದು ತಿಳಿಯಬಹುದೇ?

ಸಾವಿರ ಜನ ಕೆಲಸ ಮಾಡುವಲ್ಲಿ ವರ್ಷವಿಡೀ ಒಂದು ದೂರೂ ಇಲ್ಲವೆಂದರೆ ವ್ಯವಸ್ಥೆಯನ್ನು ಜನ ನಂಬಿಲ್ಲವೆಂದೇ ಅರ್ಥ. ಪೆಟ್ಟಿಗೆ ಎಲ್ಲಿದೆ ನೋಡಿ: ಮೇಲ್ವಿಚಾರಕರ ಕೋಣೆಯ ಎದುರಿಗೋ, ಕ್ಯಾಮೆರಾದ ಕೆಳಗೋ? ಕೀಲಿ ಯಾರ ಬಳಿಯಿದೆ? ವಲಸೆ ಕಾರ್ಮಿಕರ ಭಾಷೆಯಲ್ಲಿ ಬರೆದರೆ ಓದುವವರಿದ್ದಾರೆಯೇ? ದೂರು ವ್ಯವಸ್ಥೆಗೆ ಮಾರ್ಗದರ್ಶಿ ತತ್ವಗಳು ವಿಧಿಸುವ ಮಾನದಂಡಗಳಲ್ಲಿ ನ್ಯಾಯಸಮ್ಮತತೆ, ಕೈಗೆಟುಕುವಿಕೆ, ಮುಂದೇನಾಗುತ್ತದೆಂಬ ಖಚಿತತೆ, ಪಾರದರ್ಶಕತೆ ಸೇರಿವೆ. ಕೈಗೆಟುಕುವಿಕೆ ಎಂಬುದು ಗಣಿಯ ಅಕ್ಕಪಕ್ಕದ ಊರಿನವರಿಗೂ ಅನ್ವಯಿಸುತ್ತದೆ; ಅವರು ಕಾರ್ಖಾನೆಯ ಗೇಟು ದಾಟಿ ಬರುವುದಿಲ್ಲ. ಕಾರ್ಮಿಕ ಸಂಘ ಇರುವಲ್ಲಿ ಅದನ್ನು ಬದಿಗೊತ್ತಿ ಕಂಪನಿಯ ಸಹಾಯವಾಣಿ ತೆರೆಯುವುದು ಒಳ್ಳೆಯ ಲಕ್ಷಣವಲ್ಲ.

## ಕಗ್ಗಂಟಿನ ಪ್ರಶ್ನೆಗಳು

ಪೂರೈಕೆದಾರರ ಘಟಕದಲ್ಲಿ ಮಕ್ಕಳು ಕೆಲಸ ಮಾಡುತ್ತಿದ್ದುದು ಸಿಕ್ಕಿದೆ. ಕೂಡಲೇ ಹೊರಗೆ ಹಾಕಿಸಬೇಕೇ?

ಅಪಾಯಕಾರಿ ಕೆಲಸದಿಂದ ಆ ಗಳಿಗೆಯಲ್ಲೇ ಬಿಡಿಸಬೇಕು, ಆದರೆ ಬೀದಿಗೆ ಬಿಡಬಾರದು. ಕಾರ್ಖಾನೆಯಿಂದ ಹೊರಬಿದ್ದ ಮಗು ಅದಕ್ಕಿಂತ ಕೆಟ್ಟ ಕೆಲಸಕ್ಕೆ ಸೇರುವ ಸಾಧ್ಯತೆ ದೊಡ್ಡದು. ಮನೆಗೆ ಬರುತ್ತಿದ್ದ ಆದಾಯ ನಿಲ್ಲದಂತೆ ಭತ್ಯೆ, ಶಾಲೆ ಅಥವಾ ತರಬೇತಿ, ಸಾಧ್ಯವಾದರೆ ಅದೇ ಮನೆಯ ವಯಸ್ಕರೊಬ್ಬರಿಗೆ ಕೆಲಸ, ಕಾನೂನಿನ ವಯಸ್ಸು ತುಂಬಿದ ಮೇಲೆ ಮರಳಿ ಕೆಲಸ ಸಿಗುವ ಭರವಸೆ, ಇವೆಲ್ಲವೂ ಪರಿಹಾರದ ಭಾಗ. ಖರ್ಚು ಯಾರದೆಂಬುದನ್ನು ಪೂರೈಕೆದಾರನೊಂದಿಗೆ ಮೊದಲೇ ಮಾತನಾಡಿಕೊಂಡಿದ್ದರೆ ಆ ದಿನ ಜಗಳ ಇರುವುದಿಲ್ಲ.

2024ರಲ್ಲಿ ಜಗತ್ತಿನಲ್ಲಿ 13.8 ಕೋಟಿ ಮಕ್ಕಳು ಬಾಲಕಾರ್ಮಿಕರಾಗಿದ್ದರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ ಅಂದಾಜಿಸಿವೆ. ಅವರಲ್ಲಿ ಶೇ 61ರಷ್ಟು ಕೃಷಿಯಲ್ಲಿದ್ದಾರೆ, ಬಹುಪಾಲು ಮನೆಯವರದೇ ಹೊಲಗಳಲ್ಲಿ. ಅಲ್ಲಿ ವಜಾ ಮಾಡುವ ಮಾಲೀಕನೇ ಇಲ್ಲದಿರುವುದರಿಂದ ಬೆಳೆಗೆ ಸಿಗುವ ಬೆಲೆ, ಊರಿನ ಶಾಲೆ ಮತ್ತು ಕೂಲಿಯಾಳಿನ ಅಭಾವದ ಕಡೆಗೇ ಗಮನ ಹರಿಸಬೇಕಾಗುತ್ತದೆ.

ಕಾರ್ಮಿಕರು ಕೆಲಸಕ್ಕೆ ಸೇರಲು ದಲ್ಲಾಳಿಗೆ ಹಣ ಕೊಟ್ಟಿದ್ದಾರೆ. ಅದು ಅವರ ಖಾಸಗಿ ವಿಷಯವಲ್ಲವೇ?

ಸಾಲ ಮಾಡಿ ದಲ್ಲಾಳಿಗೆ ಕೊಟ್ಟು ಬಂದವನು ಸಾಲ ತೀರುವವರೆಗೆ ಎಂಥ ಕೆಲಸವನ್ನೂ ಬಿಡಲಾರ. ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲಿದ್ದರೆ ಕೋಣೆಗೆ ಬೀಗ ಹಾಕುವ ಅಗತ್ಯವೂ ಇಲ್ಲ. ಸಾಲದ ಬಂಧನ ಮತ್ತು ಗುರುತಿನ ದಾಖಲೆ ಕಿತ್ತಿಟ್ಟುಕೊಳ್ಳುವುದು, ಎರಡೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೆಸರಿಸಿರುವ ಬಲವಂತದ ದುಡಿಮೆಯ 11 ಸೂಚಕಗಳಲ್ಲಿವೆ. ನೇಮಕದ ವೆಚ್ಚ ಮಾಲೀಕನದೇ ಎಂಬುದು ಈಗ ಒಪ್ಪಿತ ತತ್ವ.

ಅಮೆರಿಕದ ಸುಂಕ ಇಲಾಖೆ 2020ರ ಜುಲೈನಲ್ಲಿ ಮಲೇಷ್ಯಾದ ಟಾಪ್ ಗ್ಲೋವ್ ಕಂಪನಿಯ ಅಂಗಸಂಸ್ಥೆಗಳ ಕೈಗವಸುಗಳನ್ನು ತಡೆದಾಗ ಸಾಲದ ಬಂಧನವೇ ಮುಖ್ಯ ಆರೋಪಗಳಲ್ಲೊಂದಾಗಿತ್ತು. ಕಂಪನಿ ವಲಸೆ ಕಾರ್ಮಿಕರಿಗೆ 3 ಕೋಟಿ ಡಾಲರ್‌ಗೂ ಹೆಚ್ಚು ಪಾವತಿಸಿ, ವಸತಿ ಸುಧಾರಿಸಿದ ಮೇಲೆ 2021ರ ಸೆಪ್ಟೆಂಬರ್‌ನಲ್ಲಿ ತಡೆ ತೆರವಾಯಿತು. ಹಿಂದಿರುಗಿಸುವ ಮೊತ್ತವನ್ನು ರಸೀದಿ ಕೇಳಿ ನಿರ್ಧರಿಸಬಾರದು, ಏಕೆಂದರೆ ದಲ್ಲಾಳಿಗಳು ರಸೀದಿ ಕೊಡುವುದಿಲ್ಲ. ಊರು, ವರ್ಷ, ದಾರಿಗಳ ಪ್ರಕಾರ ಕಾರ್ಮಿಕರೊಂದಿಗೆ ಮಾತನಾಡಿ ಸರಾಸರಿ ಕಟ್ಟುವುದು ವಾಡಿಕೆ.

ನಮ್ಮ ಖರೀದಿ ಆ ಕಾರ್ಖಾನೆಯ ಉತ್ಪಾದನೆಯಲ್ಲಿ ಸಣ್ಣ ಪಾಲು. ನಮ್ಮ ಮಾತು ಯಾರು ಕೇಳುತ್ತಾರೆ?

ಒಬ್ಬರೇ ಕೇಳಿದರೆ ಬಹುಶಃ ಯಾರೂ ಕೇಳುವುದಿಲ್ಲ, ಆದ್ದರಿಂದ ಒಟ್ಟಾಗಿ ಕೇಳಬೇಕು. ರಾಣಾ ಪ್ಲಾಜಾ ಕುಸಿದ ಬೆನ್ನಿಗೆ ಜಾಗತಿಕ ಕಾರ್ಮಿಕ ಸಂಘಗಳು ಮತ್ತು ಬ್ರ್ಯಾಂಡ್‌ಗಳು ಸಹಿ ಹಾಕಿದ ಬಾಂಗ್ಲಾದೇಶ ಅಕಾರ್ಡ್ ಎಂಬ ಕಟ್ಟಡ ಮತ್ತು ಅಗ್ನಿ ಸುರಕ್ಷತೆಯ ಒಪ್ಪಂದಕ್ಕೆ ಮುಂದೆ 200ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಸೇರಿದವು. ತಪಾಸಣೆಯ ವರದಿಗಳು ಬಹಿರಂಗವಾಗಿದ್ದವು, ಸರಿಪಡಿಸದ ಕಾರ್ಖಾನೆಯಿಂದ ಎಲ್ಲ ಬ್ರ್ಯಾಂಡ್‌ಗಳೂ ಒಟ್ಟಿಗೆ ಹಿಂದೆ ಸರಿಯುತ್ತಿದ್ದವು, ದುರಸ್ತಿಗೆ ಹಣ ಹೊಂದುವಂತೆ ನೋಡಿಕೊಳ್ಳುವ ಬಾಧ್ಯತೆ ಬ್ರ್ಯಾಂಡ್‌ಗಳ ಮೇಲಿತ್ತು, ಮತ್ತು ತಗಾದೆಯನ್ನು ಮಧ್ಯಸ್ಥಿಕೆಗೆ ಒಯ್ಯುವ ಹಕ್ಕು ಕಾರ್ಮಿಕ ಸಂಘಗಳಿಗಿತ್ತು. ಕಟ್ಟುಪಾಡಿಲ್ಲದ ಒಕ್ಕೂಟಗಳಿಂದ ಅದನ್ನು ಬೇರ್ಪಡಿಸಿದ್ದು ಈ ಕೊನೆಯ ಅಂಶ.

ಪೂರೈಕೆದಾರನೊಂದಿಗೆ ಸಂಬಂಧ ಕಡಿದುಕೊಳ್ಳುವುದು ಯಾವಾಗ ಸರಿ?

ಪ್ರಭಾವ ಬಳಸಿ, ಕಾಲ ಕೊಟ್ಟು, ನೆರವು ನೀಡಿಯೂ ಗಂಭೀರ ಹಾನಿ ನಿಲ್ಲದಿದ್ದಾಗ. ಆಗಲೂ ಹೊರಡುವ ರೀತಿ ಮುಖ್ಯ: ಮುಂಗಡ ಸೂಚನೆ ಕೊಡಬೇಕು, ಬಾಕಿ ಬಿಲ್ಲು ತೀರಿಸಬೇಕು, ಕಾರ್ಮಿಕರ ಸಂಬಳ ಮತ್ತು ನಿವೃತ್ತಿಯ ಹಣ ಸಿಕ್ಕಿದೆಯೇ ನೋಡಬೇಕು. ಮಾಧ್ಯಮದಲ್ಲಿ ಸುದ್ದಿ ಬಂದ ಮರುದಿನವೇ ಓಡಿಹೋದ ಬ್ರ್ಯಾಂಡ್ ತನ್ನ ಹೆಸರನ್ನು ಉಳಿಸಿಕೊಂಡಿರಬಹುದು. ಹಾನಿಗೊಳಗಾದವರು ಹಾನಿಯ ಜೊತೆಗೆ ಕೆಲಸವನ್ನೂ ಕಳೆದುಕೊಂಡಿರುತ್ತಾರೆ.

ಪ್ರಭಾವವೇ ಸಾಧ್ಯವಿಲ್ಲದ ಸ್ಥಿತಿ ಇದಕ್ಕೆ ಹೊರತು. ಚೀನಾದ ಷಿನ್‌ಜಿಯಾಂಗ್ ಪ್ರದೇಶದಲ್ಲಿ ಬಲವಂತದ ದುಡಿಮೆಯ ಆರೋಪವಿರುವುದು ಸರ್ಕಾರದ ಕಾರ್ಯಕ್ರಮಗಳ ಮೇಲೆಯೇ; ಅಲ್ಲಿ ಸ್ವತಂತ್ರ ತಪಾಸಣೆ ನಡೆಸಲೂ ಕಾರ್ಮಿಕರೊಡನೆ ನಿರ್ಭಯವಾಗಿ ಮಾತನಾಡಲೂ ಆಗದು. ಆದ್ದರಿಂದಲೇ 2022ರ ಜೂನ್ 21ರಿಂದ ಜಾರಿಯಲ್ಲಿರುವ ಅಮೆರಿಕದ ಕಾನೂನು ಆ ಪ್ರದೇಶದ ಸರಕೆಲ್ಲ ಬಲವಂತದ ದುಡಿಮೆಯದೆಂದೇ ಭಾವಿಸಿ, ಅಲ್ಲವೆಂದು ತೋರಿಸುವ ಭಾರವನ್ನು ಆಮದುದಾರನ ಮೇಲೆ ಹಾಕಿದೆ. ಹತ್ತಿ, ಟೊಮೆಟೊ, ಸೌರಫಲಕಕ್ಕೆ ಬೇಕಾದ ಪಾಲಿಸಿಲಿಕಾನ್ ಮೊದಲಿಂದಲೂ ಅದರ ಆದ್ಯತೆಯ ಪಟ್ಟಿಯಲ್ಲಿವೆ.

ಪೂರೈಕೆದಾರರಿರುವ ದೇಶದ ಕಾನೂನೇ ಸ್ವತಂತ್ರ ಕಾರ್ಮಿಕ ಸಂಘವನ್ನು ಒಪ್ಪುವುದಿಲ್ಲ. ನಾವೇನು ಮಾಡಬಹುದು?

ಕಾನೂನು ಮುರಿಯದೆ, ಅಂತರರಾಷ್ಟ್ರೀಯ ಮಾನದಂಡಕ್ಕೆ ಎಷ್ಟು ಹತ್ತಿರ ಹೋಗಲಾದೀತೋ ಅಷ್ಟು ಹೋಗಬೇಕು. ಕಾರ್ಮಿಕರೇ ಗುಪ್ತ ಮತದಾನದಿಂದ ಆರಿಸಿದ ಸುರಕ್ಷತಾ ಸಮಿತಿ, ಅದರ ಸದಸ್ಯರಿಗೆ ಸೇಡಿನಿಂದ ರಕ್ಷಣೆ, ಆಡಳಿತದೊಂದಿಗೆ ನಿಯತ ಸಭೆಗಳು ಅಂಥ ದಾರಿಗಳು. ಮಾಲೀಕ ನೇಮಿಸಿದ ಸಮಿತಿ ಅದಕ್ಕೆ ಸಮನಲ್ಲ.

ಸಮಸ್ಯೆಗಳನ್ನು ವರದಿಯಲ್ಲಿ ಒಪ್ಪಿಕೊಂಡರೆ ನಾಳೆ ನಮ್ಮ ವಿರುದ್ಧವೇ ಸಾಕ್ಷ್ಯವಾಗುವುದಿಲ್ಲವೇ?

ಕಾನೂನು ಸಲಹೆಗಾರರ ಈ ಭಯ ನಿರಾಧಾರವಲ್ಲ, ಆದರೆ ಲೆಕ್ಕ ಎರಡೂ ಕಡೆ ಇದೆ. ಈ ಕಾನೂನುಗಳು ಕೇಳುವುದು ಸೂಕ್ತ ಪ್ರಯತ್ನವನ್ನು. ಎಲ್ಲಿಯೂ ಹಾನಿಯೇ ಆಗದೆಂಬ ಖಾತರಿಯನ್ನು ಅವು ಕೇಳುವುದಿಲ್ಲ. ಪ್ರಯತ್ನವನ್ನು ತೋರಿಸಲು ಏನು ಸಿಕ್ಕಿತು, ಯಾರು ನಿರ್ಧರಿಸಿದರು, ಏನು ಮಾಡಿದಿರಿ ಎಂಬ ದಾಖಲೆಯೇ ಬೇಕು. ಸಾವಿರಾರು ಕಾರ್ಖಾನೆಗಳಿಂದ ಕೊಳ್ಳುವ ಕಂಪನಿ ಒಂದೂ ಸಮಸ್ಯೆ ಸಿಗಲಿಲ್ಲವೆಂದು ಬರೆದರೆ, ಓದುವವರಿಗೆ ಅದು ಹುಡುಕಲಿಲ್ಲವೆಂಬ ತಪ್ಪೊಪ್ಪಿಗೆಯಂತೆಯೇ ಕಾಣುತ್ತದೆ. ದೂರು ಕೊಟ್ಟವರ ಗುರುತು ಹೊರಬೀಳುವ ವಿವರಗಳನ್ನು ಮಾತ್ರ ಯಾವ ಕಾರಣಕ್ಕೂ ಪ್ರಕಟಿಸಬಾರದು.

ಇಷ್ಟೆಲ್ಲ ಮಾಡಿ ಏನಾದರೂ ಬದಲಾಯಿತೇ ಎಂದು ತಿಳಿಯುವುದು ಹೇಗೆ?

ಎಷ್ಟು ಆಡಿಟ್, ಎಷ್ಟು ತರಬೇತಿ, ಎಷ್ಟು ಸಹಿ ಎಂಬುವು ಕಂಪನಿಯ ಚಟುವಟಿಕೆಯ ಲೆಕ್ಕ. ಬದಲಾವಣೆಯ ಲೆಕ್ಕಕ್ಕೆ ಬೇರೆ ಪ್ರಶ್ನೆಗಳು ಬೇಕು: ಓವರ್‌ಟೈಮ್ ಇಲ್ಲದ ತಿಂಗಳಲ್ಲಿ ಕೈಗೆ ಬಂದ ಸಂಬಳ ಎಷ್ಟು, ದಲ್ಲಾಳಿಗೆ ಕೊಟ್ಟ ಹಣದಲ್ಲಿ ಎಷ್ಟು ಮರಳಿ ಬಂತು, ಬಂದ ದೂರುಗಳಲ್ಲಿ ಎಷ್ಟು ದೂರುದಾರರ ಒಪ್ಪಿಗೆಯಿಂದ ಮುಗಿದವು, ಘಟಕದ ಕೆಳಭಾಗದ ಬಾವಿಗಳ ನೀರಿನ ಪರೀಕ್ಷೆ ಏನು ಹೇಳುತ್ತದೆ. ಕಿರುಕುಳದ ದೂರುಗಳ ಸಂಖ್ಯೆ ಮೊದಲ ವರ್ಷ ಏರಿದರೆ ಗಾಬರಿಯಾಗಿ ವ್ಯವಸ್ಥೆಯನ್ನು ಮುಚ್ಚಬೇಡಿ. ಜನ ಹೇಳಲು ಶುರುಮಾಡಿದಾಗ ಹಾಗೆಯೇ ಆಗುತ್ತದೆ. ಈ ಅಂಕಿಗಳನ್ನು ಆಡಳಿತ ಮಂಡಳಿಗೆ ಒಪ್ಪಿಸುವ ಮುನ್ನ ಕಾರ್ಮಿಕರ ಪ್ರತಿನಿಧಿಗಳಿಗೆ ತೋರಿಸಿ, ಅವರು ತಪ್ಪೆಂದದ್ದನ್ನು ತಪ್ಪೆಂದೇ ವರದಿಯಲ್ಲಿ ದಾಖಲಿಸಿ.